ಆಲ್ಪ್ಸ್ ಮೇಲಿನ ಜೋಳದ ರೊಟ್ಟಿ

ಇಟಲಿಗೂ ಸ್ವಿಟ್ಜರ್ಲೆಂಡಿಗೂ ನಡುವೆ ಆಲ್ಪ್ಸ್ ಪರ್ವತದಲ್ಲಿ ಒಂದು ಕಣಿವೆದಾರಿ ಇದೆ. ನಾನು ಅದನ್ನು ನೋಡಿಲ್ಲ, ನೋಡುವ ಆಸೆಯೂ ಇಲ್ಲ. ಆದರೆ ಅದರ ಮಾತು ಕಿವಿಗೆ ಬಿದ್ದರೆ ಇವತ್ತಿಗೂ ಮೈ ಉರಿಯುತ್ತದೆ. ಆ ದಾರಿ ನನ್ನ ಒಂದು ವರ್ಷ ತಿಂದುಹಾಕಿತು.

ಆಗ ನಿಜಾಮ ಸರ್ಕಾರ. ನನಗೆ ಹತ್ತೊಂಬತ್ತು. ಗಂಡನಿಗೆ ವಾಡಿ ಸ್ಟೇಷನ್ನಿನಲ್ಲಿ ಕೆಲಸ, ಮನೆ ಶಹಾಬಾದದಲ್ಲಿ. ಅಲ್ಲಿನ ಹೆಣ್ಣುಮಕ್ಕಳ ಸಾಲೆಗೆ ಒಬ್ಬ ಟೀಚರ್ ಬೇಕಾಗಿತ್ತು. ಮಿಡ್ಲ್ ಪರೀಕ್ಷೆ ಪಾಸು ಮಾಡಿದರೆ ಆ ಜಾಗ ನನಗೇ ಎಂದು ಅಲ್ಲಿನ ದೊಡ್ಡ ಟೀಚರ್ ಬಾಯಿಬಿಟ್ಟು ಹೇಳಿದ್ದರು. ಹೊರಗಿನಿಂದ ಪರೀಕ್ಷೆಗೆ ಕೂಡಬೇಕು, ಅಷ್ಟೇ.

ಪುಸ್ತಕವೆಲ್ಲ ಉರ್ದುವಿನಲ್ಲಿ. ಒಲೆಯ ಮುಂದೆ ರೊಟ್ಟಿ ಬಡಿಯುತ್ತಲೇ ಭೂಗೋಳ ಬಾಯಿಪಾಠ ಮಾಡಿದೆ. ಅದರಲ್ಲೇ ಈ ಆಲ್ಪ್ಸ್ ದಾರಿಯ ಪಾಠ. ದಾರಿಯ ಎತ್ತರ ಎಂಟು ಸಾವಿರ ಅಡಿಗೂ ಮೇಲೆ. ತುದಿಯಲ್ಲಿ ಒಂದು ಕೆರೆ, ಅಲ್ಲೇ ಎರಡು ದೇಶಗಳ ಗಡಿ. ಹಿಂದೆ ರೋಮನ್ನರು ಅಲ್ಲಿ ರಸ್ತೆ ಹಾಕಿದ್ದರು; ಆಮೇಲೆ ಒಬ್ಬ ದಂಡನಾಯಕ ಫಿರಂಗಿ ತೋಪುಗಳನ್ನು ಕೊರೆದ ಮರದ ದಿಮ್ಮಿಗಳಲ್ಲಿಟ್ಟು ಹಿಮದ ಮೇಲೆ ಎಳೆಸಿದ. ಹಿಮದಲ್ಲಿ ಹೂತವರನ್ನು ಮೂಸಿ ಹುಡುಕುವ ನಾಯಿಗಳೂ ಇದ್ದವಂತೆ. ಹಿಮ ಹೇಗಿರುತ್ತದೆಂದು ಯಾರಿಗೆ ಗೊತ್ತು? ಶಹಾಬಾದದಲ್ಲಿ ಎತ್ತರವೆಂದರೆ ಗಣಿಯಿಂದ ತೆಗೆದು ಒಟ್ಟಿದ, ನೆಲಕ್ಕೆ ಹಾಸುವ ಪರಸಿ ಕಲ್ಲು. ಗುಡ್ಡ ನೋಡಬೇಕಾದರೆ ಚಿಂಚೋಳಿಗೇ ಹೋಗಬೇಕು.

ಒಂದು ಸಂಗತಿ ಮಾತ್ರ ಬಾಯಿಪಾಠವಿಲ್ಲದೆ ತಲೆಗೆ ಹೋಯಿತು. ದಾರಿಯ ತುದಿಯಲ್ಲಿ ಸನ್ಯಾಸಿಗಳ ಮನೆ ಇದೆ, ನೂರಾರು ವರ್ಷದಿಂದ ದಾರಿಹೋಕರಿಗೆ ಊಟ, ಆಸರೆ ಕೊಡುತ್ತಾರೆ. ಇದು ನನಗೆ ಗೊತ್ತಿದ್ದದ್ದೇ. ನನ್ನ ತವರು ದಂಡೋತಿ. ಮಳೆಗಾಲದಲ್ಲಿ ಕಾಗಿಣಾ ತುಂಬಿದರೆ ಹೊಳೆ ದಾಟಬೇಕಾದವರು ನಮ್ಮ ದಂಡೆಗೇ ಉಳಿಯುತ್ತಿದ್ದರು. ಊರ ಮಠದಲ್ಲಿ ಅವರಿಗೆಲ್ಲ ದಾಸೋಹ. ಯಾವ ಊರು, ಯಾವ ಜಾತಿ ಎಂದು ಕೇಳುವ ಪದ್ಧತಿ ಇರಲಿಲ್ಲ. ಮನೆಮನೆಯಿಂದ ರೊಟ್ಟಿ ಹೋಗಬೇಕು. ನಮ್ಮವ್ವ ಅಂಥ ದಿನ ಮನೆಯವರಿಗಿಂತ ಮೊದಲು ಹೊಳೆಯವರಿಗೆ ಬಡಿಯುತ್ತಿದ್ದಳು.

ಪರೀಕ್ಷೆ ಚಿತ್ತಾಪುರದಲ್ಲಿ. ವಾಡಿಯಲ್ಲಿ ಗಾಡಿ ಬದಲಿಸಿ ಹೋದೆ. ಬಾಯಿಪರೀಕ್ಷೆಗೆ ಇಬ್ಬರು ಕೂತಿದ್ದರು. ಒಬ್ಬರು ಹೈದರಾಬಾದಿನ ಸಾಹೇಬರು. ಇನ್ನೊಬ್ಬರು ನಮ್ಮವರೇ, ಸೇಡಂ ಕಡೆಯವರು, ಹಣೆ ತುಂಬ ವಿಭೂತಿ. ಅವರನ್ನು ನೋಡಿ ನನಗೆ ಧೈರ್ಯ ಬಂತು. ನನ್ನ ಬುದ್ಧಿಗೆ ಏನನ್ನಬೇಕು.

ಕೇಳಿದ್ದು ಆ ಆಲ್ಪ್ಸ್ ದಾರಿಯನ್ನೇ. ಎತ್ತರ, ಗಡಿ ಎಲ್ಲ ಸರಿಯಾಗಿಯೇ ಹೇಳಿದೆ. ತುದಿಯಲ್ಲಿ ಏನಿದೆ ಎಂದು ಸಾಹೇಬರು ಕೇಳಿದಾಗ ಪುಸ್ತಕ ಬಿಟ್ಟು ನನ್ನ ಮಾತಿಗೆ ಇಳಿದೆ. ಮಠ ಇದೆ, ದಾಸೋಹ ನಡೆಯುತ್ತದೆ ಎಂದೆ. ದಾಸೋಹಕ್ಕೆ ಉರ್ದುವಿನಲ್ಲಿ ಏನನ್ನುತ್ತಾರೋ ಹೊಳೆಯಲಿಲ್ಲ, ಕೈಯಲ್ಲೇ ಬಡಿಸಿ ತೋರಿಸಿದೆ. ಅವರಿಗೆ ಮೋಜೆನಿಸಿತು. ಏನು ಬಡಿಸುತ್ತಾರೆ ಎಂದರು. ಜೋಳದ ರೊಟ್ಟಿ, ಪುಂಡಿಪಲ್ಯ ಎಂದುಬಿಟ್ಟೆ.

ಸಾಹೇಬರು ನಕ್ಕರು. ಅದಕ್ಕೆ ನನ್ನ ತಕರಾರಿಲ್ಲ. ಹಿಮದಲ್ಲಿ ಜೋಳ ಬೆಳೆಯುವುದಿಲ್ಲ, ತಪ್ಪು ನನ್ನದೇ. ಮಠದ ಪಂಕ್ತಿ ಎಂದರೇನು ಎಂದು ಅವರಿಗೆ ಯಾರು ಹೇಳಿದ್ದರು? ಆದರೆ ವಿಭೂತಿಯವರಿಗೆ ಏನಾಗಿತ್ತು ಧಾಡಿ? ಅಂಥ ಪಂಕ್ತಿಯಲ್ಲೇ ಉಂಡು ಬೆಳೆದ ಮನುಷ್ಯ, ಸಾಹೇಬರಿಗಿಂತ ಜೋರಾಗಿ ನಕ್ಕರು. ನಾನು ಕನ್ನಡದಲ್ಲಿ ಅವರನ್ನೇ ಕೇಳಿದೆ.

"ರೊಟ್ಟಿ ತಪ್ಪಾತರಿ. ಆದ್ರ ಸನ್ಯಾಸಿಗಳು ಅಲ್ಲಿ ಯಾಕ ಕುಂತಾರ ಅನ್ನೋದು ಖರೇ ಹೇಳೀನಿಲ್ರಿ?"

"ಹಳ್ಳಿ ಮಾತು ಇಲ್ಲಿ ತರಬ್ಯಾಡವ್ವ. ಪುಸ್ತಕದಾಗ ಇದ್ದಂಗ ಹೇಳಬೇಕು," ಎಂದು ಕೆಂಪು ಗೀಟು ಎಳೆದರು. ಎಳೆದವರು ಅವರು, ಸಾಹೇಬರಲ್ಲ.

ಭೂಗೋಳದಲ್ಲಿ ಫೇಲಾದೆ. ಸಾಲೆಯ ಜಾಗ ಒಂದು ವರ್ಷ ಖಾಲಿ ಬಿತ್ತು. ಗಂಡ ಏನೂ ಅನ್ನಲಿಲ್ಲ, ಅವರ ಪಾಲಿನದನ್ನೂ ಅತ್ತೆ ಅಂದರು. ಹಲ್ಲು ಕಚ್ಚಿ ಓದಿದೆ. ಮರುವರ್ಷ ಅವರೇ ಇಬ್ಬರು, ಅದೇ ದಾರಿ. ಪುಸ್ತಕದ ಒಂದು ಅಕ್ಷರ ಬಿಡದೆ ಒಪ್ಪಿಸಿದೆ. ಸನ್ಯಾಸಿಗಳ ಸಾಲು ಬಂದಾಗ ಊರು ನೆನಪಾಗಬಾರದೆಂದು ಗೋಡೆ ನೋಡುತ್ತ ನಿಂತೆ. ವಿಭೂತಿಯವರು ಶಾಬಾಸ್ ಎಂದರು. ಬೈದಿದ್ದರೆ ಅಷ್ಟು ಚುಚ್ಚುತ್ತಿರಲಿಲ್ಲ.

ನೌಕರಿ ಸಿಕ್ಕಿತು. ಆ ಪಾಠ ನಾನೇ ಹೇಳಿಕೊಡಬೇಕಾದ ದಿನ, ಭಂಕೂರಿನ ಕಲ್ಲು ಒಡೆಯುವವನ ಮಗಳೊಬ್ಬಳು ಎದ್ದು ನಿಂತಳು.

"ಟೀಚರ್, ಆ ದಾರಿ ಅಷ್ಟ ಕೆಟ್ಟದ್ದಿದ್ರ ಮಂದಿ ಯಾಕ ಹೋಗ್ತಾರ್ರಿ? ಅವರೂರಾಗ ಕೂಲಿ ಸಿಗಲ್ಲೇನ್ರಿ?"

ಆ ಪುಸ್ತಕ ಬರೆದವನಿಗೂ ಹೊಳೆಯದ ಪ್ರಶ್ನೆ. ಅವಳನ್ನು ಎತ್ತಿ ಮುದ್ದಾಡಬೇಕಿತ್ತು. ಆದರೆ ಮುಂದಿನ ವಾರ ತಪಾಸಣೆಗೆ ಜನ ಬರುವವರಿದ್ದರು, ಪಾಠ ಇನ್ನೂ ಅರ್ಧ ಉಳಿದಿತ್ತು.

"ಅದು ಪುಸ್ತಕದಾಗ ಇಲ್ಲ. ಕುಂದರು," ಎಂದೆ.

ಅವಳು ಕೂತಳು. ಆ ವರ್ಷವಿಡೀ ಮತ್ತೆ ಒಂದು ಮಾತೂ ಕೇಳಲಿಲ್ಲ. ವಿಭೂತಿಯವರ ಮೇಲಿದ್ದ ಸಿಟ್ಟಿನಲ್ಲಿ ಅರ್ಧ ಅಂದಿನಿಂದ ನನ್ನ ಮೇಲೇ ಇದೆ, ಇನ್ನೂ ಇಳಿದಿಲ್ಲ.