ಎಡಗಡೆ ಎತ್ತರ, ಬಲಗಡೆ ತಗ್ಗು

ಟಿವಿಯಲ್ಲಿ ನಾನು ನೋಡುತ್ತಿದ್ದ ಧಾರಾವಾಹಿಯಲ್ಲಿ ಕೊಲೆ ಪತ್ತೆ ಮಾಡುತ್ತಿದ್ದವಳು ಪೊಲೀಸಲ್ಲ, ಅಂಚೆ ಕಚೇರಿಯ ಗುಮಾಸ್ತೆ. ಹೆಣದ ಮೇಲಿನ ಗಾಯ ಯಾವ ಕಡೆಗೆ ಓರೆಯಾಗಿದೆ ಎಂದು ನೋಡಿಯೇ ಹೊಡೆದವನು ಎಡಚನೋ ಅಲ್ಲವೋ ಹೇಳಿಬಿಡುತ್ತಿದ್ದಳು. ಅವಳಿಗಿಂತ ಮೊದಲೇ ನಾನು ಹೇಳುತ್ತಿದ್ದೆ. ಡಿಗ್ರಿ ಓದುತ್ತಿದ್ದ ನನ್ನನ್ನು ಮನೆಯವರು ಭಾರೀ ಬುದ್ಧಿವಂತೆ ಎಂದು ಹೊಗಳುತ್ತಿದ್ದರು, ಅದು ನನ್ನ ತಲೆಗೇರಿತ್ತು.

ಬೂದಿಗೆರೆ ಹತ್ತಿರದ ನಮ್ಮ ತೋಟದಲ್ಲಿ ಒಂದು ಬೆಳಿಗ್ಗೆ ಎರಡು ಸಾಲು ದ್ರಾಕ್ಷಿ ಬಳ್ಳಿಯನ್ನು ಯಾರೋ ಬುಡದಲ್ಲೇ ಕಡಿದುಹಾಕಿದ್ದರು. ಚಪ್ಪರದ ಮೇಲೆ ಗೊಂಚಲುಗಳು ಇನ್ನೂ ಹಸಿಯಾಗಿಯೇ ತೂಗುತ್ತಿದ್ದವು. ಅಪ್ಪ ಮಣ್ಣಲ್ಲಿ ಕೂತುಬಿಟ್ಟರು. ಚಿಕ್ಕಪ್ಪ ಯಾರನ್ನಾದರೂ ಕೊಂದೇ ತೀರುವವರಂತೆ ಓಡಾಡುತ್ತಿದ್ದರು. ನಾನು ತೋಟದ ಪಕ್ಕದ ಓಣಿಯ ಕಡೆ ಕುಕ್ಕರಗಾಲಲ್ಲಿ ಕೂತು ಮೋಟುಗಳನ್ನು ಒಂದೊಂದಾಗಿ ನೋಡಿದೆ. ಎಲ್ಲವೂ ಎಡಗಡೆ ಎತ್ತರ, ಬಲಗಡೆ ತಗ್ಗು.

"ಕಡಿದವನು ಎಡಚ ಕಣಪ್ಪ," ಎಂದೆ.

ನಮ್ಮೂರಲ್ಲಿ ಎಡಗೈಯಲ್ಲಿ ಕೆಲಸ ಮಾಡುತ್ತಿದ್ದವರು ಒಬ್ಬರೇ. ವರ್ಷವರ್ಷವೂ ನಮ್ಮ ಬಳ್ಳಿಯ ಕುಡಿ ಕತ್ತರಿಸಿ ಸವರಲು ಬರುತ್ತಿದ್ದ ಪಕ್ಕದ ಜಮೀನಿನವರು, ಅವರನ್ನು ನಾನು ಅಣ್ಣ ಎನ್ನುತ್ತಿದ್ದೆ. ಹಿಂದಿನ ವಾರವಷ್ಟೇ ಬೋರಿನ ನೀರಿಗೆ ಅವರಿಗೂ ಚಿಕ್ಕಪ್ಪನಿಗೂ ಜಗಳವಾಗಿತ್ತು.

ಅವರು ಕ್ಯಾನು ಹಿಡಿದು ಹಾಲಿನ ಡೇರಿಗೆ ಹೊರಟಿದ್ದರು. ಚಿಕ್ಕಪ್ಪ ಮಾತೇ ಆಡದೆ ಮುಖಕ್ಕೆ ಗುದ್ದಿದರು. ಚೆಲ್ಲಿದ ಹಾಲಿಗೆ ರಕ್ತ ಬಿತ್ತು. ಕರೆಂಟ್ ಕಂಬಕ್ಕೆ ಕಟ್ಟಿದರು, ಜನ ಸೇರಿತು, ವಿಷಯ ಏನೆಂದು ಗೊತ್ತಿಲ್ಲದವರೂ ಒದ್ದರು. ಏನು ಮಾಡಿದೆ ಅಂತ ಹೇಳಿ ಹೊಡೆಯಿರಿ ಎಂದು ಅವರು ಕೇಳುತ್ತಲೇ ಇದ್ದರು, ಬಾಯಿ ತುಂಬ ರಕ್ತ ಇಟ್ಟುಕೊಂಡು. ಚಿಕ್ಕಪ್ಪ ಗುದ್ದಲಿಯ ಕಾವು ತಂದರು. ಇಬ್ಬರು ಆ ಎಡಗೈಯನ್ನು ಎಳೆದು ಕಂಬದ ಬುಡದ ಕಲ್ಲಿಗೆ ಒತ್ತಿ ಹಿಡಿದರು. ಮೊಣಕೈ ಮೇಲೆ ಮೂರು ಏಟು. ಮೊದಲನೆಯದಕ್ಕೆ ಕಿರುಚಿದರು. ಮೂರನೆಯದಕ್ಕೆ ಮೂಳೆಯ ಸದ್ದು ಮಾತ್ರ ಕೇಳಿತು. ನಾನು ತಡೆಯಲಿಲ್ಲ. ಸುಳ್ಳು ಯಾಕೆ ಹೇಳಲಿ, ಆ ಹೊತ್ತಿನಲ್ಲಿ ನನಗೆ ಹೆಮ್ಮೆಯಾಗುತ್ತಿತ್ತು.

ಊರಿನ ದೊಡ್ಡವರು ಕೂತು ರಾಜಿ ಮಾಡಿಸಿದರು. ನಾನು ಮೋಟು ನೋಡಿ ಹೇಳಿದ್ದು ಅಲ್ಲೇ ಅವರಿಗೂ ಗೊತ್ತಾಯಿತು. ಆ ಕೈ ಮತ್ತೆ ಮಡಚಲಿಲ್ಲ. ಸವರುವ ಕೆಲಸಕ್ಕೆ ಅವರನ್ನು ಯಾರೂ ಕರೆಯಲಿಲ್ಲ. ನಾನು ಧಾರಾವಾಹಿ ನೋಡುವುದನ್ನು ಬಿಡಲೂ ಇಲ್ಲ.

ಮರುವರ್ಷ ಅವರ ಜಮೀನಿನ ಪಕ್ಕದಲ್ಲಿ ಹಾದು ಹೋಗುತ್ತಿದ್ದಾಗ ಕರೆದರು. ನಾನು ಬೇಲಿಯಾಚೆ ನಿಂತೆ. ಒಣಗಿದ ಬಳ್ಳಿಯೊಂದರ ಆಚೆ ಬದಿಗೆ, ನನಗೆ ಎದುರಾಗಿ ಕೂತು, ಬಲಗೈಯಲ್ಲಿ ಮಚ್ಚೆತ್ತಿ ಒಂದೇ ಏಟಿಗೆ ಕಡಿದರು.

"ಮೋಟನ್ನ ನೀನಿರೋ ಕಡೆಯಿಂದ ನೋಡವ್ವ. ಯಾವ ಕೈ ಇದು?"

ನೋಡಿದೆ. ಎಡಗಡೆ ಎತ್ತರ, ಬಲಗಡೆ ತಗ್ಗು.

ನಮ್ಮ ಬಳ್ಳಿ ಕಡಿದವನು ಓಣಿಯ ಕಡೆ ಕೂತಿದ್ದ ಎಂದು ನನಗೆ ಹೇಳಿದವರು ಯಾರು? ಯಾರೂ ಹೇಳಿರಲಿಲ್ಲ. ಆಚೆ ಬದಿಗೆ ಕೂತು ಬಲಗೈಯಲ್ಲಿ ಊರಿನ ಯಾರು ಬೇಕಾದರೂ ಕಡಿದಿರಬಹುದಿತ್ತು. ಸಾಲು ದಾಟಿ ನಾಲ್ಕು ಹೆಜ್ಜೆ ಇಟ್ಟು ನಾನು ನೋಡಿರಲಿಲ್ಲ, ಅಷ್ಟೇ. ತಪ್ಪಾಯ್ತು ಅಣ್ಣ ಎಂದೆ, ಅಳುತ್ತಲೇ ಎಂದೆ. ಅವರು ದಾರವೊಂದನ್ನು ಹಲ್ಲಲ್ಲಿ ಕಚ್ಚಿಕೊಂಡರು, ಬೇಲಿಯ ಪಕ್ಕ ಜೋತುಬಿದ್ದ ಹೊಸ ಬಳ್ಳಿಯೊಂದನ್ನು ಬಲಗೈಯಲ್ಲಿ ತಂತಿಗೆ ಒತ್ತಿ ಹಿಡಿದು, ದಾರ ಕಚ್ಚಿದ್ದ ಮುಖವನ್ನು ನನ್ನ ಕಡೆ ಚಾಚಿದರು.

"ಗಂಟು ಹಾಕು," ಎಂದರು, ನಾನು ದಾರ ತೆಗೆದುಕೊಂಡ ಮೇಲೆ. "ಒಂದು ಕೈಲಿ ಆಗಲ್ಲ."