ಹಲಗೆಯ ಮೇಲಿನ ಗೀರು

ಗೋವಾದ ಮಂಗೋರ್ ಹಿಲ್ಲಿನ ನಮ್ಮ ಸಾಲಿನ ಕೊನೆಯ ಮನೆಯಲ್ಲಿ ದಿನಾ ಇಸ್ಪೀಟು ನಡೆಯುತ್ತಿತ್ತು. ಆ ಮನೆಯ ಮೇಸ್ತ್ರಿ ನಮ್ಮ ಬೆಳಗಾವಿ ಕಡೆಯವನೇ. ನನ್ನ ಹೊಟ್ಟೆಪಾಡಿನ, ಕೈಯಿಂದ ತಿರುಗಿಸುವ ಹೊಲಿಗೆ ಮಷಿನನ್ನು ಗಂಡ ಅಲ್ಲಿ ಒತ್ತೆಯಿಟ್ಟು ಆಡಿ, ಸೋತು ಬಂದ. ಕೇಳಲು ಹೋದರೆ ಮೇಸ್ತ್ರಿ, "ಯಾವ ಮಷಿನ್ ಬೇ? ನಿನ್ನ ಗಂಡನ್ನ ಕೇಳ ಹೋಗ," ಎಂದು ಮುಖಕ್ಕೆ ಬಾಗಿಲು ಹಾಕಿದ. ಇವನಿಗೆ ನೀರು ಕುಡಿಸದೆ ಬಿಡಬಾರದು ಎಂದು ಅವತ್ತೇ ಅಂದುಕೊಂಡೆ.

ಚೌತಿಯ ದಿನ ಅಂಗಡಿಯ ಒಂದು ರೂಪಾಯಿ ಫೋನಿನಿಂದ ಪೊಲೀಸರಿಗೆ ಸುದ್ದಿ ಮುಟ್ಟಿಸಿದವಳು ನಾನೇ. ಮೇಸ್ತ್ರಿಯ ಜೊತೆ ಆರು ಜನ ಸಿಕ್ಕಿಬಿದ್ದರು, ನನ್ನ ಗಂಡನೂ ಸೇರಿ. ಮಷಿನನ್ನೂ ಜಪ್ತಿ ಮಾಡಿದರು. ಆದರೆ ಹಬ್ಬದ ದಿನ ಆರಿಸಿದ್ದೇ ತಪ್ಪಾಯಿತು.

"ಚೌತಿಗೆ ಗೋವಾದಲ್ಲಿ ಯಾರ ಮನೆಯಲ್ಲಿ ಇಸ್ಪೀಟೆಲೆ ಆಡುವುದಿಲ್ಲ?" ಎಂದ ಮೇಸ್ತ್ರಿಯ ವಕೀಲ ಕೋರ್ಟಿನಲ್ಲಿ. ಮಷಿನು ಮೇಸ್ತ್ರಿಯ ಹೆಂಡತಿಯದಂತೆ, ಅವಳೇ ಹೊಲಿಯುತ್ತಾಳಂತೆ. ಆಕೆಯೂ ಕೋರ್ಟಿಗೆ ಬಂದು ಕೂತಿದ್ದಳು. ಎಲೆ ಸಿಕ್ಕರೆ ಸಾಲದು, ಆಟದಿಂದ ಮನೆಯವನಿಗೆ ಲಾಭವಿತ್ತೆಂದು ತೋರಿಸಬೇಕು ಎಂದು ಸರ್ಕಾರಿ ವಕೀಲರು ನನಗೆ ಮೊದಲೇ ಹೇಳಿದ್ದರು. ಒತ್ತೆಯಾಗಿ ಬಂದ ಮಷಿನೇ ಆ ಲಾಭ; ಅದು ನನ್ನದೆಂದು ಸಾಬೀತಾಗದಿದ್ದರೆ ಮೇಸ್ತ್ರಿ ಮೀಸೆ ತಿರುವುತ್ತಾ ಮನೆಗೆ ಹೋಗುತ್ತಿದ್ದ.

ಮಷಿನನ್ನು ಮೇಜಿನ ಮೇಲಿಟ್ಟರು. ಅದರ ಹಲಗೆಯ ಅಂಚಿನಲ್ಲಿ ಮೊಳೆಯಿಂದ ಕೊರೆದ ಗೀರುಗಳಿದ್ದವು. ಅವು ನಮ್ಮ ಸಾಲಿನ ಹೆಂಗಸರ ಕುಪ್ಪಸದ ತೋಳಿನ ಅಳತೆ. ಟೇಪು ಹಿಡಿದು ಬರೆದುಕೊಳ್ಳುವ ರಗಳೆ ಬೇಡವೆಂದು ನಾನೇ ಮಾಡಿಕೊಂಡಿದ್ದು. ಒಂದರ ಮೇಲೆ ಬೆರಳಿಟ್ಟೆ.

"ಇದು ಮೇಸ್ತ್ರಿ ಹೆಂಡ್ತೀದ್ರಿ ಸಾಹೇಬ್ರ. ಆಕಿ ಈಗ ತೊಟ್ಟ ಕುಪ್ಪಸಾನೂ ನಾನ ಹೊಲದದ್ದು. ಅಳದ ನೋಡ್ರಿ. ತಾನ ಹೊಲಿಯಾಕಿ ನನ್ನ ಕಡೆ ಯಾಕ ಹೊಲಿಸ್ತಿದ್ಲು?"

ಅಳೆದರು. ಕೂದಲೆಳೆಯಷ್ಟೂ ವ್ಯತ್ಯಾಸವಿರಲಿಲ್ಲ. ಆಕೆ ಸೆರಗಿನಲ್ಲಿ ಮುಖ ಮುಚ್ಚಿಕೊಂಡಳು. ನನಗೆ ಕನಿಕರ ಬರಲಿಲ್ಲ, ಹಬ್ಬದೂಟ ಉಂಡಷ್ಟು ಖುಷಿಯಾಯಿತು.

ಮೇಸ್ತ್ರಿಯ ವಕೀಲ ಸುಲಭಕ್ಕೆ ಬಿಡಲಿಲ್ಲ. "ಸರಿ, ನಿನ್ನದೇ. ಅಲ್ಲಿಗೆ ಒಯ್ದು ಒತ್ತೆಯಿಟ್ಟವರು ಯಾರು? ಹೆಸರು ಹೇಳು," ಎಂದ. ಅವನೂ ಬೆಳಗಾವಿಯವ, ನಮ್ಮ ಹೆಂಗಸರು ಗಂಡನ ಹೆಸರು ಬಾಯಿ ಬಿಟ್ಟು ಹೇಳುವುದಿಲ್ಲವೆಂದು ಚೆನ್ನಾಗಿ ಬಲ್ಲ. ನಾನು ಹೇಳಿದ್ದು ಮದುವೆಯಲ್ಲಿ ಒಂದೇ ಸಲ, ಅದೂ ಒಡಪಿನ ಪದ್ಯದ ಸಾಲಿನಲ್ಲಿ ಸೇರಿಸಿ, ನಾಚಿಕೊಂಡು. ಆರೋಪಿಗಳ ಸಾಲಿನಲ್ಲಿ ನಿಂತಿದ್ದ ಗಂಡ ಕಣ್ಣಲ್ಲೇ ಬೇಡವೆನ್ನುತ್ತಿದ್ದ.

ಹೇಳಿದೆ. ಅವನ ಅಪ್ಪನ ಹೆಸರು, ಅಡ್ಡಹೆಸರು ಸೇರಿಸಿ, ಗುಮಾಸ್ತ ಬರೆದುಕೊಳ್ಳುವಷ್ಟು ನಿಧಾನವಾಗಿ ಹೇಳಿ, ಬೆರಳು ಮಾಡಿ ತೋರಿಸಿದೆ.

ಮೇಸ್ತ್ರಿಗೆ ಜೈಲಾಯಿತು, ಗಂಡನಿಗೆ ದಂಡ. ಹೊರಗೆ ಬಂದವನು, "ನನ್ನೂ ಹಿಡದ ಕೊಟ್ಟೆಲ್ಲ," ಎಂದ.

"ಮತ್ತ? ಮಷಿನ್ ತಾನ ನಡಕೋಂತ ಹೋಗಿತ್ತೇನು?" ಎಂದೆ.

ಅಂದಿನಿಂದ ಇವತ್ತಿನವರೆಗೂ ಅವನನ್ನು ಹೆಸರು ಹಿಡಿದೇ ಕರೆಯುತ್ತೇನೆ.