ಖಾರದಮ್ಮನ ಮುಚ್ಚಳ

ಈ ಮಾತನ್ನು ಹೇಳುವುದನ್ನು ನಾನು ಹಲ್ಲು ಕೀಳಿಸುವುದನ್ನು ಮುಂದಕ್ಕೆ ಹಾಕಿದ ಹಾಗೆ ಮುಂದೂಡುತ್ತಲೇ ಬಂದೆ. ಯುಗಾದಿ ಕಳೆಯಲಿ, ದೀಪಾವಳಿ ಕಳೆಯಲಿ ಎನ್ನುತ್ತಾ ಹದಿನೆಂಟು ವರ್ಷವೇ ಕಳೆಯಿತು. ಈಗ ಬಾಯಲ್ಲಿ ಹಲ್ಲೇ ಹೆಚ್ಚು ಉಳಿದಿಲ್ಲ, ಮಾತು ಮಾತ್ರ ಹಾಗೇ ಇದೆ.

ಹೋದ ಭಾನುವಾರ ಪಕ್ಕದ ಮನೆಯಲ್ಲಿ ಒಣಮೆಣಸಿನಕಾಯಿ ಹುರಿದರು. ಜಗಲಿಯಲ್ಲಿ ಕೂತು ಅಡಿಕೆ ಕತ್ತರಿಸುತ್ತಿದ್ದ ನಾನು ಒಂಬತ್ತು ಸಲ ಸೀನಿದೆ. ಹತ್ತನೆಯದಕ್ಕೆ ಮೂಗು ಮೇಲೆತ್ತಿ ಕಾಯುತ್ತಿರುವಾಗ ಆ ಮನೆಯ ಸೆಲ್ವಿ ಓಡಿಬಂದಳು. ಸೇಲಂ ಕಡೆಯ ಹೆಣ್ಣುಮಗಳು. ಗಂಡ ರೇಷ್ಮೆ ನೂಲಿನ ಕಾರ್ಖಾನೆಯಲ್ಲಿ ಕೆಲಸಕ್ಕಿದ್ದಾನೆ. ಬಾಡಿಗೆಗೆ ಬಂದು ಮೂರು ತಿಂಗಳಾಗಿರಬಹುದು, ಆಗಲೇ ನಮ್ಮ ಮಾತು ಕಲಿತುಬಿಟ್ಟಿದ್ದಾಳೆ.

"ತಪ್ಪಾಯ್ತು ತಾತ, ಗಾಳಿ ನಿಮ್ ಕಡೀಕೇ ಬೀಸ್ಬುಡ್ತು" ಎಂದಳು.

ಒಂಬತ್ತು ಸೀನಿಗೆ ಒಂದು ಕ್ಷಮೆ! ನಾನು ಅಡಿಕೆ ಹೋಳು ಮುಂದಕ್ಕೆ ಚಾಚಿದೆ. ಅವಳು ಅಡಿಕೆ ಮುಟ್ಟಲಿಲ್ಲ. ಅಡಿಕೆ ಹಾಕಿಕೊಂಡಿದ್ದ ಹಳೆಯ ಸ್ಟೀಲು ಮುಚ್ಚಳವನ್ನೇ ನೋಡುತ್ತಾ, "ಇದ್ಯಾರ್ದು ತಾತ?" ಎಂದಳು.

ನಾನು ಎಸ್ಸೆಸ್ಸೆಲ್ಸಿ ಮುಗಿಸಿದವನು. ಯಳಂದೂರಿನ ಕಚೇರಿಯೊಂದರಲ್ಲಿ ಗುಮಾಸ್ತನಾಗುವ ಆಸೆಯಿತ್ತು, ಆ ಕಚೇರಿಗೆ ನನ್ನ ಆಸೆ ಇರಲಿಲ್ಲ. ಹಾಗಾಗಿ ಕೊಳ್ಳೇಗಾಲಕ್ಕೆ ಬಂದು ಹಿಟ್ಟಿನ ಮಿಲ್ಲು ಸೇರಿದೆ. ಊರಲ್ಲಿ ಯಾವ ಯಾವ ಜನ ಇದ್ದಾರೆಂದು ತಿಳಿಯಲು ಸರ್ಕಾರದವರು ಮನೆಮನೆ ತಿರುಗಿ ಬರೆದುಕೊಳ್ಳುತ್ತಾರೆ. ನಮಗೆ ಆ ಕಷ್ಟವಿರಲಿಲ್ಲ. ಊರೇ ಡಬ್ಬ ಹೊತ್ತುಕೊಂಡು ನಮ್ಮ ಬಾಗಿಲಿಗೆ ಬರುತ್ತಿತ್ತು. ಸುತ್ತಲ ಹಳ್ಳಿಯವರದು ರಾಗಿ. ರೇಷ್ಮೆ ವ್ಯಾಪಾರಕ್ಕೆಂದು ಬಂದು ನೆಲೆಸಿದ ಮಾರವಾಡಿಗಳದು ಗೋಧಿ. ನೂಲು ಬಿಚ್ಚುವ ಸಾಬರ ಮನೆಯಿಂದ ರೊಟ್ಟಿಗೆ ಅಕ್ಕಿ. ಮಗ್ಗದವರ ಬೀದಿಯ ಅಜ್ಜಿಯರು ಕಡಲೆ ಹಿಟ್ಟಿಗೆಂದು ಬಂದು ತೆಲುಗಿನಲ್ಲಿ ನಮ್ಮನ್ನೇ ಬೈದುಕೊಳ್ಳುತ್ತಿದ್ದರು. ಒಡೆಯರಪಾಳ್ಯದ ಟಿಬೆಟಿನವರು ಒಮ್ಮೊಮ್ಮೆ ಹುರಿದ ಬಾರ್ಲಿ ತರುತ್ತಿದ್ದರು. ಅದರ ಘಮಕ್ಕೆ ಎಲ್ಲರೂ ಜಗಳ ನಿಲ್ಲಿಸಿ ಒಂದು ಗಳಿಗೆ ಮೂಗು ಅರಳಿಸುತ್ತಿದ್ದರು.

ಜಗಳ ಯಾವುದಕ್ಕೆ ಅಂತೀರಾ? ಸರದಿಗೆ. ಮೊದಲು ಹೋಗಬೇಕೆಂದಲ್ಲ, ಯಾರ ಹಿಂದೆ ಹೋಗಬಾರದು ಎಂದು.

"ಅಣ್ಣಾ, ರಾಗಿ ಇಂದುಗಡೆ ನಮ್ದು ಗೋಧಿ ಆಕ್ಬೇಡಿ, ರೊಟ್ಟಿ ಕರ್ರಗೆ ಆಗ್ತದೆ" ಎಂದು ಸೇಠಮ್ಮ ಎಂದರೆ, ರಾಗಿಯ ರಾಜಮ್ಮ ಸೊಂಟಕ್ಕೆ ಕೈಕೊಟ್ಟು, "ಓಹೋ, ನಮ್ ರಾಗಿ ತಿಂದು ನೀನೂ ವಸಿ ಗಟ್ಟಿಯಾಗವ್ವ. ಗಾಳಿ ಬಂದ್ರೆ ಆರೋಯ್ತೀಯ" ಎನ್ನುತ್ತಿದ್ದಳು. ಇಬ್ಬರೂ ನಗುತ್ತಿದ್ದರು. ಎಷ್ಟು ಜಾಡಿಸಿದರೂ ಹಿಂದಿನವರದು ಒಂದು ಹಿಡಿ ಕಲ್ಲಿನ ಸಂದಿಯಲ್ಲಿ ಉಳಿದು ಮುಂದಿನವರ ಡಬ್ಬಕ್ಕೆ ಬೀಳುತ್ತಿತ್ತು. ಇದು ಎಲ್ಲರಿಗೂ ಗೊತ್ತಿತ್ತು, ಯಾರೂ ಬಾಯಿಬಿಡುತ್ತಿರಲಿಲ್ಲ.

ಡಬ್ಬಗಳ ಮುಚ್ಚಳದ ಮೇಲೆ ಹೆಸರು ಕೊರೆಸಿರುತ್ತಿದ್ದರು. ಕನ್ನಡ, ತಮಿಳು, ಉರ್ದು, ಹಿಂದಿ, ಇನ್ನು ಟಿಬೆಟಿನವರದು ಬಣ್ಣದಲ್ಲಿ ಬರೆದ ಬಳ್ಳಿಯಂಥ ಅಕ್ಷರ. ನನಗೆ ಓದಲು ಬರುತ್ತಿದ್ದುದು ಒಂದೇ. ಉಳಿದವರನ್ನೆಲ್ಲ ಅವರ ಕಾಳಿನಿಂದಲೇ ಕರೆಯುತ್ತಿದ್ದೆ. ಹಾಗೆ ತಮಿಳುನಾಡಿನ ಗಡಿಯ ಕಡೆಯ ಮಾರ್ಟಳ್ಳಿಯಿಂದ ಬಂದು ಊರಲ್ಲಿ ಒಂದು ಕೋಣೆ ಮಾಡಿಕೊಂಡಿದ್ದ ಹೆಂಗಸು ನನ್ನ ಬಾಯಲ್ಲಿ ಖಾರದಮ್ಮ ಆದರು. ಕೊರಳಲ್ಲಿ ಸಣ್ಣ ಶಿಲುಬೆ, ತಲೆಯ ಮೇಲೆ ಮೆಣಸಿನಕಾಯಿ ಡಬ್ಬ. ಗಂಡ ಇರಲಿಲ್ಲ. ಸಾರಿನ ಪುಡಿ ಮಾಡಿ ಪೊಟ್ಟಣ ಕಟ್ಟಿ ಮನೆಮನೆಗೆ ಮಾರುತ್ತಿದ್ದರು. ಅವರ ಪುಡಿಯ ಸಾರು ಉಂಡವರು ಬೇರೆ ಪುಡಿ ಕೇಳುತ್ತಿರಲಿಲ್ಲ. ನನ್ನ ಹೆಂಡತಿಯೂ.

ಖಾರಕ್ಕೆಂದೇ ಬೇರೆ ಮಿಷನ್ ಇತ್ತು. ಒಂದು ದಿನ ಅದರ ಬೆಲ್ಟು ಕಿತ್ತುಹೋಯಿತು.

"ಪರವಾಯಿಲ್ಲೆ ಬುಡಿ ಅಣ್ಣ, ನಾಳೀಕ್ ಬತ್ತೀನಿ" ಎಂದರು ಖಾರದಮ್ಮ.

ನನಗೆ ದೊಡ್ಡಸ್ತಿಕೆ. "ಕೊಡ್ರಮ್ಮ ಇತ್ಲಾಗೆ, ಹಿಟ್ಟಿನ ಮಿಷನ್ನಲ್ಲೇ ಬೀಸಿಕೊಡ್ತೀನಿ, ಆಮೇಲೆ ತೊಳ್ಕೊಂಡ್ರಾಯ್ತು" ಎಂದೆ.

"ಮರೀಬ್ಯಾಡಿ ಅಣ್ಣ. ಒಂದ್ ಪಡಿ ನುಚ್ಚು ನಾನೇ ಕೊಟ್ಟೋಯ್ತೀನಿ, ಕಾರ ಓಗಂಗೆ ಆಕಿ ಓಡುಸ್ಬುಡಿ" ಎಂದು, ಮೆಣಸಿನಕಾಯಿ ಬೀಸಿಸಿಕೊಂಡು, ಪಡಿ ನುಚ್ಚು ಅಳೆದಿಟ್ಟೇ ಹೋದರು.

ಅವರು ಅತ್ತ ಹೋದರು, ಇತ್ತ ಕರೆಂಟೂ ಹೋಯಿತು. ನಾನು ಟೀ ಅಂಗಡಿಗೆ ಹೋದೆ. ಅಲ್ಲಿ ಒಬ್ಬ ಚಿರತೆಯ ಕಥೆ ಹೇಳುತ್ತಿದ್ದ. ಚಿರತೆ ಕಥೆಯಲ್ಲಿ ಎಂದೂ ಬೇಗ ಬರುವುದಿಲ್ಲ ನೋಡಿ, ಅದು ಬರುವಷ್ಟರಲ್ಲಿ ಕರೆಂಟು ಬಂತು. ಓಡಿಬಂದವನೇ ಸಾಲಿನಲ್ಲಿದ್ದ ಡಬ್ಬ ಎತ್ತಿ ಮಿಷನ್ನಿಗೆ ಸುರಿದು ಸ್ವಿಚ್ಚು ಒತ್ತಿದೆ. ಅದು ಮದುವೆ ಮನೆಯ ಕಜ್ಜಾಯಕ್ಕೆ ನೆನೆಸಿ ಆರಿಸಿದ ಅಕ್ಕಿ. ಹಿಟ್ಟು ಕೊಂಚ ಕೆಂಪಗಿದ್ದಿರಬೇಕು. ಬೆಲ್ಲದ ಪಾಕಕ್ಕೆ ಬಿದ್ದ ಮೇಲೆ ಆ ಕೆಂಪು ಯಾರಿಗೆ ಕಾಣುತ್ತದೆ?

ಮೂರನೆಯ ದಿನ ಮದುವೆ ಮನೆಯ ಯಜಮಾನರು ಪಂಚೆ ಎತ್ತಿ ಕಟ್ಟಿಕೊಂಡು ಮಿಲ್ಲಿಗೆ ನುಗ್ಗಿದರು.

"ಏನ್ಲಾ, ಕಜ್ಜಾಯದಿಟ್ಗೆ ಕಾರ ಬೆರ್ಸ್ಕೊಟ್ಟಿದ್ದೀಯಲ್ಲೋ! ನಮ್ ಬೀಗ್ರು ಮೂಗಲ್ಲಿ ನೀರಿಳುಸ್ಕೊಂಡು ಎದ್ದೋದ್ರು ಕಣ್ಲಾ! ಸೀಗಿಂತ ಮುಂಚೆ ಕಣ್ಣೀರು ಬತ್ತದಲ್ಲೋ!"

ಈಗ ನೆನೆದರೆ ನಗು ಬರುತ್ತದೆ. ಅಂದು ಬಂದದ್ದು ಬೆವರು. ಮಿಲ್ಲಿನ ಮಾಲೀಕರು ಹಿಂದೆಯೇ ನಿಂತಿದ್ದರು. ಪಡಿ ನುಚ್ಚು ಅಳೆದಿಟ್ಟ ಜಾಗದಲ್ಲೇ ಇತ್ತು. ಅದನ್ನು ಕಾಲಿನಿಂದ ಮೂಲೆಗೆ ಸರಿಸಿ ನಾನು ಹೇಳಿದೆ: "ನಾನಲ್ಲ ಸಾ. ಆ ಮಾರ್ಟಳ್ಳಿಯೋಳು. ನಾನು ಆಚೀಕೋಗಿದ್ದಾಗ ತಾನೇ ಸುರ್ಕೊಂಡವ್ಳೆ."

ಅಲ್ಲಿ ಇಪ್ಪತ್ತು ಜನರ ಡಬ್ಬವಿತ್ತು. ಇಪ್ಪತ್ತರಲ್ಲಿ ಯಾರ ಹೆಸರು ಹೇಳಿದರೆ ಎಲ್ಲರೂ ಕೂಡಲೇ ನಂಬುತ್ತಾರೆ ಎಂದು ನನಗೆ ಗೊತ್ತಿತ್ತು. ಒಂಟಿ ಹೆಂಗಸು, ಗಡಿಯ ಕಡೆಯವರು, ಪರವಾಗಿ ಮಾತಾಡಲು ಊರಲ್ಲಿ ನೆಂಟರಿಲ್ಲ. "ಎಲ್ಲಿಂದ್ಲೋ ಬಂದೋರ್ನ ಸೇರುಸ್ಕೊಂಡ್ರೆ ಇಂಗೇಯ" ಎಂದರು ಯಜಮಾನರು. ನಾನು ತಲೆಯಾಡಿಸಿದೆ. ನಾನು ಅಲ್ಲಿಗೆ ಯಳಂದೂರಿನಿಂದ ಬಸ್ಸಿನಲ್ಲಿ ಬಂದವನು.

ಮರುದಿನ ಖಾರದಮ್ಮ ಬಂದಾಗ ಮಾಲೀಕರು ಅವರ ಡಬ್ಬವನ್ನು ಹೊಸ್ತಿಲ ಆಚೆಗೆ ಎತ್ತಿಟ್ಟು, ಇನ್ನು ಈ ಕಡೆ ಬರಬೇಡ ಎಂದರು. ರಾಜಮ್ಮ ತನ್ನ ಡಬ್ಬವನ್ನು ಪಕ್ಕಕ್ಕೆ ಎಳೆದುಕೊಂಡಳು. ಖಾರದಮ್ಮ ಜಗಳವಾಡಲಿಲ್ಲ. ಮೂಲೆಯಲ್ಲಿದ್ದ ನುಚ್ಚನ್ನು ನೋಡಿದರು, ಆಮೇಲೆ ನನ್ನನ್ನು.

"ನೀವೊಂದ್ ಮಾತು ಯೋಳಿ ಅಣ್ಣ, ಸಾಕು" ಎಂದರು.

ನಾನು ಕಿತ್ತುಹೋದ ಬೆಲ್ಟನ್ನು ಬಹಳ ಶ್ರದ್ಧೆಯಿಂದ ಹೊಲಿಯುತ್ತಿದ್ದೆ.

ಕಜ್ಜಾಯದ ಕಥೆ ಊರೆಲ್ಲ ಹರಡಿತು. ಅವರ ಪೊಟ್ಟಣವನ್ನು ಬಾಗಿಲಲ್ಲೇ ಬೇಡವೆಂದರು, ನನ್ನ ಹೆಂಡತಿಯೂ ಬೇಡವೆಂದಳು. ತಿಂಗಳೊಳಗೆ ಕೋಣೆ ಖಾಲಿ ಮಾಡಿಕೊಂಡು ಅವರು ಊರಿಗೆ ಹೊರಟುಹೋದರಂತೆ. ಹೊಸ್ತಿಲಾಚೆ ಹೋದ ಡಬ್ಬದ ಮುಚ್ಚಳ ಮಾತ್ರ ಮಿಷನ್ನಿನ ಕೆಳಗೆ ಉಳಿದಿತ್ತು. ಮೊದಲು ಅದರಲ್ಲಿ ಬೋಲ್ಟು ನಟ್ಟು ಹಾಕುತ್ತಿದ್ದೆ. ಕೆಲಸ ಬಿಟ್ಟು ಬರುವಾಗ ಮನೆಗೆ ತಂದೆ. ಆಮೇಲೆ ಅದು ಅಡಿಕೆಯದಾಯಿತು.

ಒಮ್ಮೆ ಮಾರ್ಟಳ್ಳಿಗೆ ಹೊರಟಿದ್ದೂ ಉಂಟು, ಸುಳ್ಳು ಹೇಳಬಾರದು. ದಾರಿಯ ಹನೂರಿನವರೆಗೆ ಹೋಗಿ, ಹೋಟೆಲಿನಲ್ಲಿ ಎರಡು ಸಲ ಇಡ್ಲಿ ತರಿಸಿ ತಿಂದು, ಹೆಸರೇ ಗೊತ್ತಿಲ್ಲದೆ ಅಷ್ಟು ದೊಡ್ಡ ಊರಲ್ಲಿ ಯಾರನ್ನೆಂದು ವಿಚಾರಿಸಲಿ ಎಂದುಕೊಂಡು ಸಿಕ್ಕ ಬಸ್ಸಿನಲ್ಲಿ ವಾಪಸಾದೆ. ಹೆಸರು ನನ್ನ ಕೈಯಲ್ಲೇ ಇತ್ತು, ಮುಚ್ಚಳದ ಮೇಲೆ, ತಮಿಳಿನಲ್ಲಿ. ತಮಿಳು ಓದಬಲ್ಲವರು ನಮ್ಮ ಊರಲ್ಲಿ ಬೀದಿಗೆ ಹತ್ತು ಜನ. ಆ ಹದಿನೆಂಟು ವರ್ಷದಲ್ಲಿ ಒಬ್ಬರ ಮುಂದೆಯೂ ನಾನು ಆ ಮುಚ್ಚಳ ಹಿಡಿಯಲಿಲ್ಲ. ಓದಿಸಿದರೆ ಹೋಗಬೇಕಾಗುತ್ತದಲ್ಲ!

ಹೋದ ಭಾನುವಾರ ಸೆಲ್ವಿ ನನ್ನ ಉತ್ತರಕ್ಕೆ ಕಾಯಲಿಲ್ಲ, ಬಿಡಲೂ ಇಲ್ಲ. ಅಡಿಕೆಯನ್ನು ನನ್ನ ಟವೆಲಿಗೆ ಸುರಿದು, ಸೆರಗಿನಿಂದ ಮುಚ್ಚಳ ಒರೆಸಿ, ಬೆಳಕಿಗೆ ತಿರುಗಿಸಿ ಹಿಡಿದು, ಶಾಲೆಯ ಹುಡುಗಿಯ ಹಾಗೆ ಒಂದೊಂದೇ ಅಕ್ಷರ ಓದಿದಳು.

"ನಿಮ್ಗೇನಾಗ್ಬೇಕು ತಾತ ಇವ್ರು?"

ಅವಳು ಹೋದ ಮೇಲೆ ಮುಚ್ಚಳವನ್ನು ಹುಣಸೆಹಣ್ಣು ಹಾಕಿ ಬೆಳಗಿದೆ. ಅಡಿಕೆಗೆ ಬೇರೆ ಬಟ್ಟಲು ತೆಗೆದುಕೊಂಡೆ. ನಾಳೆ ಬೆಳಗ್ಗೆ ಮಾರ್ಟಳ್ಳಿಯ ಬಸ್ಸಿದೆ, ಹನೂರಿನಲ್ಲಿ ಈ ಸಲ ಇಳಿಯುವುದಿಲ್ಲ. ಅವರು ಇದ್ದಾರೋ ಇಲ್ಲವೋ, ಇದ್ದರೂ ಬಾಗಿಲು ತೆಗೆಯುತ್ತಾರೋ ಇಲ್ಲವೋ, ಅದು ಅವರಿಗೆ ಬಿಟ್ಟದ್ದು. ಬಸ್ಸಿಳಿದು ಮೊದಲು ಸಿಕ್ಕವರನ್ನು ಯಾರ ಮನೆ ಎಂದು ಕೇಳಬೇಕೆಂದು ನನಗೆ ಈಗ ಗೊತ್ತು.

ಆರೋಗ್ಯಮೇರಿ.